ರಿಯಾಯಿತಿ ಅಂಗಡಿಯ ಸಾಲುಗಳು: ಎಲ್ಲಿ ನಿಲ್ಲಬೇಕು, ಎಲ್ಲಿ ದಾಟಬೇಕು

ಬ್ರ್ಯಾಂಡ್ ಬಟ್ಟೆ, ಟವೆಲ್, ಪಾತ್ರೆ, ದೀಪ, ರಗ್ಗು ಎಲ್ಲವನ್ನೂ ಒಂದೇ ಸೂರಿನಡಿ ಗುಡ್ಡೆ ಹಾಕಿ ಅಗ್ಗಕ್ಕೆ ಮಾರುವ ಆಫ್-ಪ್ರೈಸ್ ಅಂಗಡಿಗಳಿಗೆ ಐದಕ್ಕೆ ಇಷ್ಟು ಎಂದು ಒಟ್ಟಾರೆ ಅಂಕ ಕೊಡುವುದು ವ್ಯರ್ಥ. ಟವೆಲ್ ಸಾಲಿನಲ್ಲಿ ಕೈತುಂಬ ಕೊಳ್ಳುವಂಥದ್ದು ಸಿಗುವ ಅಂಗಡಿಯಲ್ಲೇ, ನಾಲ್ಕು ಹೆಜ್ಜೆ ಆಚೆ, ಎರಡು ತಿಂಗಳಲ್ಲಿ ತಳ ಕಳಚುವ ಷೂ ಕೂತಿರುತ್ತದೆ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಅಲ್ಲಿ ಯಾರೂ ಬೇರ್ಪಡಿಸಿಟ್ಟಿರುವುದಿಲ್ಲ. ಹೆಕ್ಕುವ ಕೆಲಸ ಗಿರಾಕಿಯದು, ಮಜವೂ ಅದರಲ್ಲೇ ಇದೆ. ಹಾಗಾಗಿ ಈ ವಿಮರ್ಶೆ ಅಂಗಡಿಯನ್ನು ಸಾಲು ಸಾಲಾಗಿಯೇ ನೋಡುತ್ತದೆ.

ಮಾಲು ಎಲ್ಲಿಂದ ಬರುತ್ತದೆಂದು ತಿಳಿದುಕೊಂಡರೆ ಕಣ್ಣು ತಾನಾಗಿಯೇ ಚುರುಕಾಗುತ್ತದೆ. ದೊಡ್ಡ ಅಂಗಡಿಯೊಂದು ಆರ್ಡರ್ ರದ್ದು ಮಾಡಿದ್ದರಿಂದ ಉಳಿದದ್ದು ಒಂದು ಬಗೆ. ಬ್ರ್ಯಾಂಡಿನವರು ಲೆಕ್ಕ ತಪ್ಪಿ ಹೆಚ್ಚು ತಯಾರಿಸಿದ್ದು ಇನ್ನೊಂದು. ಸೀಸನ್ ಮುಗಿಯುವಾಗ ಸಗಟಾಗಿ ಕೊಂಡು ಗೋದಾಮಿನಲ್ಲಿಟ್ಟು, ಮುಂದಿನ ಸೀಸನ್‌ಗೆ ಹೊರತೆಗೆಯುವುದು ಮೂರನೆಯದು. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ಪ್ಯಾಕ್‌ಅವೇ ಎನ್ನುತ್ತಾರೆ. ಅಮೆರಿಕದ ರಾಸ್ ಎಂಬ ಆಫ್-ಪ್ರೈಸ್ ಅಂಗಡಿ ಸರಪಳಿಯ ದಾಸ್ತಾನಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುಮಾರು ಶೇಕಡಾ 40ರಷ್ಟು ಇಂಥದ್ದೇ. ನಾಲ್ಕನೆಯದು ಈ ಅಂಗಡಿಗಳಿಗೆಂದೇ ಕಡಿಮೆ ಖರ್ಚಿನಲ್ಲಿ ಮಾಡಿಸಿದ ಮಾಲು. ಮೊದಲ ಎರಡು ಬಗೆಯವು ಕೈಗೆ ಬಿದ್ದರೆ ಬಿಡಬಾರದು. ಪ್ಯಾಕ್‌ಅವೇ ಮಾಲು ಸ್ವೆಟರ್, ಬೆಡ್‌ಶೀಟ್‌ಗಳ ಮಟ್ಟಿಗೆ ಪರವಾಗಿಲ್ಲ; ರಬ್ಬರು, ಅಂಟು, ಎಲಾಸ್ಟಿಕ್ ಇರುವ ವಸ್ತುಗಳು ಮಾತ್ರ ಗೋದಾಮಿನಲ್ಲಿ ಕೂತಲ್ಲೇ ಮುದಿಯಾಗುತ್ತವೆ. ನಾಲ್ಕನೆಯದರಲ್ಲಿ ರಿಯಾಯಿತಿ ಎಂಬುದೇ ಇಲ್ಲ. ಅದರ ನಿಜವಾದ ಬೆಲೆಯೇ ಅಷ್ಟು.

ಈ ವ್ಯಾಪಾರ ಇವತ್ತಿನದಲ್ಲ. 20ನೇ ಶತಮಾನದ ಮೊದಲ ದಶಕದಲ್ಲೇ ಬಾಸ್ಟನ್ನಿನ ಫೈಲೀನ್ಸ್ ಅಂಗಡಿಯ ನೆಲಮಾಳಿಗೆಯಲ್ಲಿ ಎಡ್ವರ್ಡ್ ಫೈಲೀನ್ ಒಂದು ಪದ್ಧತಿ ತಂದರು: 12 ದಿನ ಮಾರಾಟವಾಗದ ಮಾಲಿನ ಬೆಲೆ ಶೇಕಡಾ 25 ಇಳಿಯಬೇಕು, 18 ದಿನಕ್ಕೆ 50, 24 ದಿನಕ್ಕೆ 75, 30 ದಿನ ಕಳೆದರೂ ಉಳಿದದ್ದು ದಾನಕ್ಕೆ. ಗಿರಾಕಿಗೆ ಎರಡೇ ದಾರಿ: ಇವತ್ತೇ ಕೊಳ್ಳಬೇಕು, ಇಲ್ಲವೇ ಇನ್ನಷ್ಟು ಇಳಿಯಲಿ ಎಂದು ಕಾದು ಕಳೆದುಕೊಳ್ಳುವ ಅಪಾಯಕ್ಕೆ ಸಿದ್ಧವಾಗಬೇಕು. 1921ರಲ್ಲಿ ಬ್ರೂಕ್ಲಿನ್ನಿನಲ್ಲಿ ಫ್ರೀಡಾ ಲೋಮನ್ ಶುರು ಮಾಡಿದ ಅಂಗಡಿಯಲ್ಲಿ ಹೆಸರಾಂತ ಬ್ರ್ಯಾಂಡುಗಳ ಉಡುಪನ್ನು ಲೇಬಲ್ ಕತ್ತರಿಸಿ ಮಾರುತ್ತಿದ್ದರು. ಹೊಲಿಗೆ ನೋಡಿಯೇ ಇದು ಯಾರ ಕೈಕೆಲಸವೆಂದು ಗುರುತಿಸುವ ಗಿರಾಕಿಗಳಿಗೆ ಅಲ್ಲಿ ಹಬ್ಬ. 1976ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಟಿ.ಜೆ. ಮ್ಯಾಕ್ಸ್ ಎಂಬ ಅಂಗಡಿ ಸರಪಳಿ ಬಂತು, ಅದರ ಮಾತೃಸಂಸ್ಥೆ 1992ರಲ್ಲಿ ಹೋಮ್‌ಗುಡ್ಸ್ ಹೆಸರಿನಲ್ಲಿ ಮನೆಸಾಮಾನಿಗೂ ಇಳಿಯಿತು. ಸರಪಳಿಗಳು ಎಷ್ಟೇ ಬೆಳೆದರೂ ಆ ನೆಲಮಾಳಿಗೆಯ ಸೂತ್ರ ಹಾಗೇ ಇದೆ. ಇವತ್ತು ಕಂಡದ್ದು ನಾಳೆ ಇರುವುದಿಲ್ಲ ಎಂಬ ಅವಸರವೇ ಮಾಲು ಮಾರಿಸುತ್ತದೆ.

ಟ್ಯಾಗ್ ವಿಷಯಕ್ಕೆ ಬರೋಣ. ಅಂಗಡಿಯ ಬೆಲೆಯ ಪಕ್ಕದಲ್ಲೇ ಇನ್ನೊಂದು ದೊಡ್ಡ ಸಂಖ್ಯೆ ಇರುತ್ತದಲ್ಲ, 'ಹೋಲಿಕೆ ಬೆಲೆ', ಇಡೀ ಅಂಗಡಿಯಲ್ಲಿ ಅತಿ ಕಡಿಮೆ ನಂಬಬೇಕಾದದ್ದು ಅದು. ಅದೇ ವಸ್ತು ಅದೇ ಬೆಲೆಗೆ ಬೇರೆಡೆ ಮಾರಾಟವಾಗಿತ್ತು ಎಂದು ಅದರ ಅರ್ಥವಲ್ಲ. ಅಂಥದ್ದೇ ವಸ್ತುವಿಗೆ ಹೊರಗೆ ಇಷ್ಟಿರಬಹುದು ಎಂದು ಅಂಗಡಿಯ ಖರೀದಿದಾರರು ಹಾಕಿದ ಅಂದಾಜು ಅದು. ಯುರೋಪಿನ ಒಕ್ಕೂಟದಲ್ಲಿ ಬೆಲೆ ಇಳಿಸಿದ್ದೇವೆ ಎಂದು ಸಾರುವವರು ಹಿಂದಿನ ಕನಿಷ್ಠ 30 ದಿನಗಳ ಅತಿ ಕಡಿಮೆ ಬೆಲೆಯನ್ನೇ ಹಳೆಯ ಬೆಲೆಯೆಂದು ತೋರಿಸಬೇಕು ಎಂಬ ನಿಯಮ 2022ರ ಮೇ 28ರಿಂದ ಇದೆ. ಆದರೆ ಹೋಲಿಕೆ ಬೆಲೆ ಎಂದರೆ ಆ ಅಂಗಡಿಯದೇ ಹಳೆಯ ಬೆಲೆ ಅಲ್ಲವಲ್ಲ, ಎರಡೂ ಬೇರೆ ಬೇರೆ.

ಪತ್ತೆ ಹಚ್ಚುವುದು ಕಷ್ಟವಿಲ್ಲ. ಒಳಗಿನ ಹೊಲಿದ ಲೇಬಲ್ಲಿನಲ್ಲಿ, ಸಾಮಾನ್ಯವಾಗಿ ಎಡ ಪಕ್ಕೆಯ ಹೊಲಿಗೆಯ ಬಳಿ, ಸ್ಟೈಲ್ ಸಂಖ್ಯೆ ಇರುತ್ತದೆ. ಅದನ್ನು ಬ್ರ್ಯಾಂಡ್ ಹೆಸರಿನೊಂದಿಗೆ ಫೋನಿನಲ್ಲಿ ಹುಡುಕಿ. ಬ್ರ್ಯಾಂಡಿನದೇ ಹಳೆಯ ಪುಟವೋ ಬೇರೆ ಅಂಗಡಿಗಳ ಪುಟವೋ ಸಿಕ್ಕರೆ ಅದು ಹೆಚ್ಚುಳಿದ ಅಸಲಿ ಮಾಲು. ಹುಡುಕಿದಲ್ಲೆಲ್ಲ ರಿಯಾಯಿತಿ ಅಂಗಡಿಗಳೇ ಸಿಕ್ಕರೆ ಅವುಗಳಿಗೆಂದೇ ಮಾಡಿಸಿದ್ದಿರಬಹುದು. ಅಮೆರಿಕದ ಮಾರುಕಟ್ಟೆಗೆ ತಯಾರಾದ ಬಟ್ಟೆಯ ಲೇಬಲ್ಲಿನಲ್ಲಿ ಆರ್‌ಎನ್ ಎಂಬ ಅಕ್ಷರದ ಮುಂದೆ ಒಂದು ಸಂಖ್ಯೆಯೂ ಇರಬಹುದು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ ಜಾಲತಾಣದಲ್ಲಿ ಅದನ್ನು ಹಾಕಿದರೆ ಹಿಂದಿರುವ ಕಂಪನಿ ಯಾವುದೆಂದು ಉಚಿತವಾಗಿ ಗೊತ್ತಾಗುತ್ತದೆ. ಇಟಲಿಯ ಹೆಸರಿಟ್ಟುಕೊಂಡ, ಎಂದೂ ಕೇಳಿರದ ಬ್ರ್ಯಾಂಡುಗಳ ಗುಟ್ಟು ಹೀಗೆ ಬಯಲಾಗುವುದು ನೋಡಲು ಬಲು ತಮಾಷೆ. ಅಂಥ ಬಟ್ಟೆ ಕೊಳ್ಳಬಾರದೆಂದಿಲ್ಲ. ಹೋಲಿಕೆ ಬೆಲೆಯನ್ನು ಹೆಬ್ಬೆರಳಿನಿಂದ ಮುಚ್ಚಿ, ಉಳಿದ ಬೆಲೆಗೆ ಇದು ಬೇಕೇ ಎಂದು ಕೇಳಿಕೊಂಡರಾಯಿತು.

ಹೊರಡುವ ಮುಂಚೆ ಫೋನಿನಲ್ಲಿ ಒಂದಿಷ್ಟು ಅಳತೆ ಬರೆದಿಟ್ಟುಕೊಂಡಿರಬೇಕು: ಪರದೆ ಕಂಬಿಯಿಂದ ನೆಲದವರೆಗಿನ ಉದ್ದ, ಹಾಸಿಗೆಯ ಉದ್ದ ಅಗಲದ ಜೊತೆಗೆ ದಪ್ಪ, ಊಟದ ಮೇಜಿನ ಅಳತೆ. ಬಟ್ಟೆಗೆ ಬೇಕಾದದ್ದು ಮೈ ಅಳತೆಗಿಂತ ಬಟ್ಟೆಯ ಅಳತೆ. ಸರಿಯಾಗಿ ಕೂರುವ ಅಂಗಿಯೊಂದನ್ನು ಮೇಜಿನ ಮೇಲೆ ಹರಡಿ ಕಂಕುಳಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ. ಪ್ಯಾಂಟಾದರೆ ಸೊಂಟ ಮತ್ತು ಒಳಗಾಲಿನ ಉದ್ದ. ಹತ್ತಾರು ದೇಶಗಳ ಬ್ರ್ಯಾಂಡು ಒಂದೇ ಕಂಬಿಗೆ ತೂಗುವ ಕಡೆ ಮೀಡಿಯಂ, ಲಾರ್ಜ್ ಎಂಬ ಅಕ್ಷರಗಳಿಗೆ ಬೆಲೆಯಿಲ್ಲ. ಜೇಬಿನಲ್ಲಿ ಟೇಪು, ಪಾತ್ರೆ ಸಾಲಿಗಾಗಿ ಒಂದು ಪುಟ್ಟ ಅಯಸ್ಕಾಂತ. ಇಷ್ಟು ಸಾಕು.

ಯಾವ ದಿನ ಹೋಗಬೇಕು? ಎಲ್ಲ ಅಂಗಡಿಗೂ ಹೊಂದುವ ಒಂದು ದಿನವಿಲ್ಲ. ಬೆಲೆ ಇಳಿಸುವ ದಿನ ಯಾವುದೆಂದು ಅಲ್ಲಿನ ಸಿಬ್ಬಂದಿಯನ್ನೇ ಕೇಳಿ, ಬಹುಪಾಲು ಹೇಳುತ್ತಾರೆ. ವಾರದ ನಡುವಿನ ಬೆಳಗ್ಗೆ ಒಳ್ಳೆಯದು: ಜನ ಕಡಿಮೆ, ಟ್ರಯಲ್ ಕೋಣೆ ಖಾಲಿ, ವಾರಾಂತ್ಯದ ಗಲಿಬಿಲಿ ಸರಿಪಡಿಸಿ ಮಾಲು ಸೈಜಿಗೆ ತಕ್ಕಂತೆ ಜೋಡಿಸಿರುತ್ತಾರೆ. ಬೆಲೆ ಇಳಿದ ವಸ್ತುವಿಗೆ ಬೇರೆ ಬಣ್ಣದ ಚೀಟಿ ಅಂಟಿಸುವ ಪದ್ಧತಿ ಬಹಳ ಕಡೆ ಇದೆ. ಚೀಟಿಯ ಮೇಲೆ ಚೀಟಿ ಅಂಟಿದ್ದರೆ ಎರಡನೇ ಸಲ ಇಳಿದಿದೆ ಎಂದರ್ಥ. ಅಂಥದ್ದನ್ನು ಕೈಗೆತ್ತಿಕೊಂಡಾಗ ಮೊದಲ ಪ್ರಶ್ನೆ: ಇಷ್ಟು ಜನ ಇದನ್ನು ಯಾಕೆ ಬಿಟ್ಟು ಹೋದರು? ಬಣ್ಣ ವಿಚಿತ್ರವಾಗಿದೆ, ಸೈಜು ಅಪರೂಪದ್ದು ಎಂಬ ಉತ್ತರ ಸಿಕ್ಕರೆ ಖುಷಿಯಾಗಿ ತೆಗೆದುಕೊಳ್ಳಿ. ಉತ್ತರ ಸಿಗದಿದ್ದರೆ ಇನ್ನೊಂದು ಸಲ ತಿರುಗಿಸಿ ನೋಡಿ, ಎಲ್ಲೋ ತೂತಿದೆ. ನಿಮ್ಮ ಸೈಜಿನ ಎರಡೂ ಪಕ್ಕದ ಸೈಜುಗಳನ್ನು ಜಾಲಾಡುವುದೂ ಲಾಭದ ಕೆಲಸ. ಟ್ರಯಲ್ ಕೋಣೆಯಿಂದ ಹಿಂತಿರುಗಿದ ಬಟ್ಟೆ ತಪ್ಪು ಜಾಗಕ್ಕೆ ಹೋಗುವುದು ಇಲ್ಲಿ ನಿತ್ಯದ ಸಂಗತಿ.

ಅಂಗಿ, ಕುರ್ತಾ, ಟಾಪ್‌ಗಳ ಸಾಲು. ಮುಂಭಾಗ ನೋಡುವ ಮೊದಲು ಒಳಮೈ ಹೊರಗೆ ತಿರುಗಿಸಿ. ಒಂದು ಇಂಚಿಗೆ ಎಷ್ಟು ಹೊಲಿಗೆ ಬಿದ್ದಿದೆ ಎಣಿಸಿ. ಏಳೆಂಟಿದ್ದರೆ ಅವಸರದ ಕೆಲಸ, ಹನ್ನೆರಡು ದಾಟಿದರೆ ಅಂಗಿಗೆ ಒಳ್ಳೆಯದು, ಹದಿನಾರರ ಹತ್ತಿರ ಬಂದರೆ ದುಬಾರಿ ಅಂಗಡಿಗೆಂದು ಹೊಲಿದದ್ದಿರಬಹುದು. ಪಟ್ಟೆ ಅಥವಾ ಚೌಕಳಿ ಬಟ್ಟೆಯಾದರೆ ಜೇಬಿನ ಬಳಿ, ಗುಂಡಿಪಟ್ಟಿಯ ಎರಡು ಬದಿ, ಪಕ್ಕೆಯಲ್ಲಿ ಗೆರೆ ಸೇರುತ್ತದೆಯೇ ನೋಡಿ. ಗೆರೆ ಸೇರಿಸಲು ಬಟ್ಟೆ ಹೆಚ್ಚು ಬೇಕು, ಆದ್ದರಿಂದ ಅಗ್ಗಕ್ಕೆ ಮಾಡಿಸಿದ್ದರಲ್ಲಿ ಮೊದಲು ಕೈಬಿಡುವುದು ಅದನ್ನೇ. ಕಾಲರಿನ ಎರಡು ಮೂಲೆಗಳನ್ನು ಒಂದರ ಮೇಲೊಂದು ಇಟ್ಟರೆ ಉದ್ದ ಸಮ ಬರಬೇಕು. ಕಾಲರಿನ ಬಟ್ಟೆ ಒಳಗಿನ ಬಕ್ರಮ್ಮಿನಿಂದ ಗುಳ್ಳೆಯಾಗಿ ಎದ್ದಿದ್ದರೆ ಅಂಟು ಬಿಟ್ಟಿದೆ, ಇಸ್ತ್ರಿ ಹಾಕಿದರೆ ಸರಿಹೋದೀತು ಎಂದು ನಂಬಬೇಡಿ.

ಟಿ-ಶರ್ಟಿಗೆ ಪರೀಕ್ಷೆ ಬೇರೆ. ಎರಡು ಭುಜ ಹಿಡಿದು ಜೋಲು ಬಿಡಿ. ಪಕ್ಕೆಯ ಹೊಲಿಗೆ ನೆಟ್ಟಗೆ ಇಳಿಯದೆ ಹೊಟ್ಟೆಯ ಕಡೆಗೆ ವಾಲಿದ್ದರೆ, ಹೆಣಿಗೆಯ ಬಟ್ಟೆಯನ್ನು ಸಡಿಲವಾಗಲು ಬಿಡದೆ ಎಳೆದೇ ಕತ್ತರಿಸಿರಬಹುದು, ಒಗೆದಷ್ಟೂ ತಿರುಚುತ್ತದೆ. ಜೀನ್ಸಿನ ಕಾಲೂ ಹೀಗೆಯೇ ತಿರುಚುವುದುಂಟು. ಜೀನ್ಸಿನಲ್ಲಿ ಇನ್ನೊಂದು ವಿಶೇಷ: ಬಟ್ಟೆಯನ್ನು ಹತ್ತಾರು ಪದರ ಪೇರಿಸಿ ಒಟ್ಟಿಗೆ ಕತ್ತರಿಸುವುದರಿಂದ ಮೇಲಿನ ಪದರಕ್ಕೂ ಕೆಳಗಿನದಕ್ಕೂ ಅಳತೆಯಲ್ಲಿ ತುಸು ವ್ಯತ್ಯಾಸ ಬರಬಹುದು. ಒಂದೇ ಬ್ರ್ಯಾಂಡಿನ ಒಂದೇ ಸೈಜಿನ ಎರಡು ಜೀನ್ಸ್ ಹಾಕಿ ನೋಡಿದರೆ ಒಂದು ಚೆನ್ನಾಗಿ ಕೂರುವುದು ಅದಕ್ಕೇ. ಜಿಪ್ ಅನ್ನು ಮೂರು ಸಲ ಮೇಲೆ ಕೆಳಗೆ ಎಳೆಯಿರಿ. ನಡುವೆ ಒಮ್ಮೆ ಸಿಕ್ಕಿಕೊಂಡರೂ ಅದು ಮನೆಗೆ ಹೋದ ಮೇಲೆ ಹೆಚ್ಚುವ ರೋಗ.

ಲೇಬಲ್ಲಿನ ಮೇಲೆ ಮಾರ್ಕರಿನ ಗೆರೆ, ಕತ್ತರಿಸಿದ ಲೇಬಲ್, 'ಇರೆಗ್ಯುಲರ್' ಎಂಬ ಮುದ್ರೆ ಕಂಡರೆ ಅದು ಸೆಕೆಂಡ್ಸ್, ಅಂದರೆ ತಯಾರಿಕೆಯಲ್ಲೇ ದೋಷ ಉಳಿದ ಮಾಲು, ಆಗಿರಬಹುದು. ಭಯ ಬೇಡ, ಆದರೆ ದೋಷ ಎಲ್ಲಿದೆ ಎಂದು ಕಂಡುಹಿಡಿಯುವವರೆಗೆ ಬಿಲ್ ಕೌಂಟರಿಗೆ ಹೋಗಬೇಡಿ. ಸಾಮಾನ್ಯವಾಗಿ ಒಂದು ತೋಳು ಉದ್ದ, ಎರಡು ತುಂಡುಗಳ ಬಣ್ಣದಲ್ಲಿ ತುಸು ಛಾಯಾವ್ಯತ್ಯಾಸ, ತಪ್ಪು ಸೈಜಿನ ಲೇಬಲ್. ಕೊನೆಯದು ನಿಜಕ್ಕೂ ಲಾಟರಿ. ಬಣ್ಣದ ವ್ಯತ್ಯಾಸ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದೆ ಹಗಲು ಬೆಳಕಿನಲ್ಲಿ ಎದ್ದು ಕಾಣುವುದರಿಂದ ಬಾಗಿಲ ಹತ್ತಿರ ಹಿಡಿದು ನೋಡಿ. ಉಣ್ಣೆಯ ಸ್ವೆಟರನ್ನು ಬೆಳಕಿಗೆ ಎದುರಾಗಿ ಹಿಡಿದರೆ ನುಸಿ ತಿಂದ ತೂತುಗಳು ಚುಕ್ಕಿಯಾಗಿ ಹೊಳೆಯುತ್ತವೆ.

ದರ್ಜಿ ಏನು ಮಾಡಬಲ್ಲ ಎಂಬುದು ಗೊತ್ತಿದ್ದರೆ ಆಯ್ಕೆ ದೊಡ್ಡದಾಗುತ್ತದೆ. ಉದ್ದ ಕಡಿಮೆ ಮಾಡುವುದು, ಪಕ್ಕೆ ಒಳಗೆ ಹಿಡಿಯುವುದು, ಗುಂಡಿ ಬದಲಿಸುವುದು ಸುಲಭ. ಸಡಿಲ ಮಾಡುವುದು ಒಳಗಿನ ಮಾರ್ಜಿನ್ ಎಷ್ಟಿದೆ ಎಂಬುದರ ಮೇಲೆ. ಅಗ್ಗದ ಬಟ್ಟೆಯಲ್ಲಿ ಓವರ್‌ಲಾಕ್ ಹೊಡೆದು ಮಾರ್ಜಿನ್ ಪೂರ್ತಿ ಕತ್ತರಿಸಿರುತ್ತಾರೆ. ಕೋಟಿನ ಭುಜ ಸರಿ ಕೂರದಿದ್ದರೆ ಕಂಬಿಗೇ ಮರಳಿಸಿ. ಅದನ್ನು ಸರಿಮಾಡಲು ತೋಳು ಬಿಚ್ಚಿ ಮತ್ತೆ ಕೂರಿಸಬೇಕು, ಉಳಿತಾಯವೆಲ್ಲ ಅಲ್ಲೇ ಕರಗುತ್ತದೆ.

ಷೂ ಮತ್ತು ಬ್ಯಾಗು: ಇಲ್ಲಿ ನಮ್ಮ ಸಲಹೆ ಬಹುಪಾಲು 'ದಾಟಿ ಹೋಗಿ'. ಕಾರಣ ರಸಾಯನಶಾಸ್ತ್ರದ್ದು. ಹಗುರವಾದ, ಮೆತ್ತಗಿನ ಷೂ ತಳ ಎಷ್ಟೋ ಸಲ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನದು. ಗಾಳಿಯ ತೇವಾಂಶ ಅದರ ಅಣುಗಳ ಸರಪಳಿಗಳನ್ನು ನಿಧಾನವಾಗಿ ತುಂಡರಿಸುತ್ತದೆ. ಷೂ ಒಮ್ಮೆಯೂ ಕಾಲಿಗೆ ಹೋಗದೆ ಡಬ್ಬಿಯಲ್ಲೇ ಇದ್ದರೂ ಕೆಲವು ವರ್ಷಗಳಲ್ಲಿ ತಳ ಬಿರುಕು ಬಿಟ್ಟು ಪುಡಿಯಾಗುತ್ತದೆ. ಕೃತಕ ಚರ್ಮದ ಬ್ಯಾಗಿನ ಮೇಲ್ಪದರ ಸಿಪ್ಪೆ ಏಳುವುದೂ ಎಷ್ಟೋ ಸಲ ಇದೇ ಕಾರಣಕ್ಕೆ. ಪರೀಕ್ಷೆ ಸರಳ: ತಳದ ಪಕ್ಕವನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ. ಗುರುತು ಮರೆಯಾದರೆ ಸರಿ. ಅಂಟಂಟಾಗಿದ್ದರೆ, ಉಗುರಿಗೆ ಪುಡಿ ಬಂದರೆ ಬೇಡ. ಷೂ ಮಡಚಿ ತಳವೂ ಮೇಲ್ಭಾಗವೂ ಸೇರುವ ಕಡೆ ಅಂಟು ಬಿಡುತ್ತದೆಯೇ ನೋಡಿ. ನಾಲಗೆಯ ಒಳಗಿನ ಚೀಟಿಯಲ್ಲಿ ಎಷ್ಟೋ ಬ್ರ್ಯಾಂಡುಗಳು ತಯಾರಿಕೆಯ ತಿಂಗಳು ವರ್ಷ ಮುದ್ರಿಸುತ್ತವೆ, ಅದನ್ನು ಓದಿ. ಎಡ ಬಲ ಎರಡರ ಸೈಜೂ ಒಂದೇ ಎಂದು ಖಾತರಿ ಮಾಡಿಕೊಳ್ಳಿ. ನಿಜವಾದ ಚರ್ಮ, ಹೊಲಿದ ತಳ ಇದ್ದರೆ ಈ ಸಾಲಿನಲ್ಲೂ ನಿಲ್ಲಬಹುದು. ಈಜುಡುಗೆ, ಒಳಉಡುಪಿನ ಎಲಾಸ್ಟಿಕ್ಕಿಗೂ ಮುಪ್ಪಿನ ಕಾಟವೇ. ಎಳೆದಾಗ ಚಟಪಟ ಸದ್ದು ಬಂದರೆ, ಬಿಟ್ಟಾಗ ಅಲೆ ಅಲೆಯಾಗಿ ಉಳಿದರೆ ಅದು ಮುಗಿದ ಕಥೆ.

ಟವೆಲ್ ಮತ್ತು ಬೆಡ್‌ಶೀಟ್ ಸಾಲು ಇಡೀ ಅಂಗಡಿಯಲ್ಲಿ ಅತ್ಯುತ್ತಮ. ಹೋಟೆಲ್ ಆರ್ಡರಿನ ಉಳಿಕೆ, ಬಣ್ಣ ಬದಲಿಸಿದ ಬ್ರ್ಯಾಂಡುಗಳ ಹಳೆ ಬಣ್ಣ ಎಲ್ಲ ಇಲ್ಲಿಗೇ ಬರುತ್ತವೆ, ಹತ್ತಿಗೆ ಗೋದಾಮಿನ ವಾಸದಿಂದ ಹಾನಿಯೂ ಕಡಿಮೆ. ಟರ್ಕಿ ಟವೆಲನ್ನು ಜಿಎಸ್‌ಎಂ ಲೆಕ್ಕದಲ್ಲಿ ಅಳೆಯುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ. 300ರಿಂದ 400 ಇದ್ದರೆ ತೆಳು, ಬೇಗ ಒಣಗುತ್ತದೆ, ಜಿಮ್, ಪ್ರಯಾಣಕ್ಕೆ ಸರಿ. 450ರಿಂದ 600 ನಿತ್ಯ ಸ್ನಾನಕ್ಕೆ. ಅದಕ್ಕೂ ಮೇಲಿನದು ಮುಟ್ಟಲು ಚೆಂದ, ಆದರೆ ಬಿಸಿಲು ಕಡಿಮೆ ಇರುವ ಮನೆಯಲ್ಲಿ ಒಣಗದೆ ವಾಸನೆ ಹಿಡಿಯುತ್ತದೆ. ಲೇಬಲ್ಲಿನಲ್ಲಿ ಜಿಎಸ್‌ಎಂ ಇಲ್ಲದಿದ್ದರೆ, ಎಳೆಗಳನ್ನು ಎರಡು ಬೆರಳಿನಿಂದ ಬಿಡಿಸಿ ತಳದ ನೇಯ್ಗೆ ಎಷ್ಟು ಕಾಣುತ್ತದೆ ನೋಡಿ. ಜಾಳಾಗಿ ಕಂಡರೆ ತೂಕ ಕಡಿಮೆ. ಅಂಗಡಿಯಲ್ಲಿ ಬೆಣ್ಣೆಯಂತೆ ಮೃದುವಾಗಿರುವ ಟವೆಲನ್ನು ತುಸು ಅನುಮಾನಿಸಿ. ಅದು ಮೃದುಕಾರಕದ ಲೇಪವಿರಬಹುದು, ಬಹುಪಾಲು ಸಿಲಿಕೋನ್. ನೀರು ಹೀರದೆ ಮೈಮೇಲೆ ಜಾರುತ್ತದೆ. ಕೆಲವು ಸಲ ಒಗೆದ ಮೇಲೆ ಲೇಪ ಹೋಗಿ ನಿಜವಾದ ಹತ್ತಿ ಹೊರಬರುತ್ತದೆ, ಅಲ್ಲಿಯವರೆಗೆ ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ. ಅಂಚಿನ ಅಲಂಕಾರದ ಪಟ್ಟಿ ಈಗಲೇ ನೆರಿಗೆಯಾಗಿದ್ದರೆ ಒಗೆದ ಮೇಲೆ ಇನ್ನೂ ಸುರುಟುತ್ತದೆ.

ಬೆಡ್‌ಶೀಟಿನ ಪೊಟ್ಟಣದ ಮೇಲೆ ಥ್ರೆಡ್ ಕೌಂಟ್ 800, 1000 ಎಂದು ಕಂಡರೆ ಹಿಗ್ಗಬೇಡಿ. ಒಂದು ಚದರ ಇಂಚಿನಲ್ಲಿ ಹಾಸು ಹೊಕ್ಕು ಎರಡೂ ಸೇರಿ ಎಷ್ಟು ನೂಲಿದೆ ಎಂಬ ಲೆಕ್ಕ ಇದು, ಒಂಟಿ ಎಳೆಯ ಒಳ್ಳೆಯ ಹತ್ತಿಯಲ್ಲಿ 200ರಿಂದ 400 ಸಹಜ. ಮೂರ್ನಾಲ್ಕು ತೆಳು ಎಳೆ ಹೊಸೆದ ನೂಲನ್ನು ಬಿಡಿಬಿಡಿಯಾಗಿ ಎಣಿಸಿದಾಗ ಸಾವಿರ ಬರುತ್ತದೆ. ಹಾಸಿದಾಗ ಭಾರ, ಸೆಕೆ. ಥ್ರೆಡ್ ಕೌಂಟಿಗಿಂತ ಮೊದಲು ಸಣ್ಣಕ್ಷರದಲ್ಲಿ ನಾರಿನ ವಿವರ ಓದಿ. ಮುಂದೆ ದೊಡ್ಡದಾಗಿ 'ಕಾಟನ್ ರಿಚ್' ಎಂದಿದ್ದರೆ ಒಳಗೆ ಪಾಲಿಯೆಸ್ಟರ್ ಇದೆ. ಎಲಾಸ್ಟಿಕ್ ಹಾಕಿದ ಶೀಟಿಗೆ ಮೂಲೆಯ ಆಳ ಮುಖ್ಯ. ಹಾಸಿಗೆಯ ದಪ್ಪಕ್ಕಿಂತ ಎರಡು ಇಂಚಾದರೂ ಹೆಚ್ಚಿರಲಿ. ಹತ್ತಿ ಒಗೆದಾಗ ಕುಗ್ಗುತ್ತದೆ, ಸರಿಯಾಗಿ ಕೂತದ್ದು ಆಮೇಲೆ ಮೂಲೆಯಿಂದ ಕಿತ್ತು ಬರುತ್ತದೆ. ಪೊಟ್ಟಣದ ಜಿಪ್ ತೆರೆದಿದ್ದರೆ ಒಳಗಿನ ತುಂಡುಗಳನ್ನು ಎಣಿಸಿ. ಯಾರೋ ಮರಳಿಸುವಾಗ ದಿಂಬಿನ ಒಂದು ಕವರ್ ಇಟ್ಟುಕೊಂಡಿರಬಹುದು.

ಪಾತ್ರೆ ಸಾಲಿನಲ್ಲಿ ಸ್ಟೀಲ್ ಮತ್ತು ಎರಕದ ಕಬ್ಬಿಣ ಕೊಳ್ಳಿ, ನಾನ್‌ಸ್ಟಿಕ್ ಬೇಡ. ಹತ್ತಾರು ಕೈ ದಾಟಿ, ಒಂದರೊಳಗೊಂದು ತುರುಕಿದ ನಾನ್‌ಸ್ಟಿಕ್ಕಿನಲ್ಲಿ ಗೀರು ಇದ್ದೇ ಇರುತ್ತದೆ, ಲೇಪ ಏಳಲು ಅದೇ ಬಾಗಿಲು. ಸ್ಟೀಲ್ ಪಾತ್ರೆಯ ತಳಕ್ಕೆ ಟೇಪಿನ ಅಂಚನ್ನು ಅಡ್ಡಲಾಗಿ ಇಟ್ಟು ಬೆಳಕು ನುಸುಳುತ್ತದೆಯೇ ನೋಡಿ. ಉಬ್ಬಿದ ತಳ ಗಾಜಿನ ಒಲೆಯ ಮೇಲೆ ತಿರುಗುತ್ತದೆ. ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಇಂಡಕ್ಷನ್ನಿಗೆ ಆಗುತ್ತದೆ. 18/10 ಎಂಬ ಮುದ್ರೆ ಕ್ರೋಮಿಯಂ ಶೇಕಡಾ 18, ನಿಕಲ್ 10 ಎನ್ನುತ್ತದೆ. 18/0 ಅಂದರೆ ನಿಕಲ್ ಇಲ್ಲ, ತುಕ್ಕಿನ ಚುಕ್ಕೆ ಬೇಗ. ಎನಾಮಲ್ ಪಾತ್ರೆಯ ಬಾಯಂಚನ್ನು ಸುತ್ತ ಸವರಿ, ಚಕ್ಕೆ ಎದ್ದಿದ್ದರೆ ಬಿಡಿ. ಪಿಂಗಾಣಿಯನ್ನು ಬೆರಳಗೆಣ್ಣಿನಿಂದ ತಟ್ಟಿದಾಗ ಟಣ್ ಎನ್ನಬೇಕು, ಸದ್ದು ಮಂಕಾದರೆ ಕಣ್ಣಿಗೆ ಕಾಣದ ಬಿರುಕಿದೆ.

ದೀಪಗಳಲ್ಲಿ ವೋಲ್ಟೇಜು, ಪ್ಲಗ್ಗು, ಬಲ್ಬಿನ ತಿರುಗಣೆ ಅಳತೆ ಮೂರನ್ನೂ ನೋಡಿ. ಬೇರೆ ದೇಶದ ಮಾರುಕಟ್ಟೆಗೆಂದು ಮಾಡಿದ್ದೂ ಬರುತ್ತದೆ. ಕುರ್ಚಿ, ಸ್ಟೂಲನ್ನು ನೆಲದ ಮೇಲಿಟ್ಟು ಎದುರು ಮೂಲೆಗಳನ್ನು ಒತ್ತಿದರೆ ಅಲುಗಾಡಬಾರದು. ತಿರುಪು ಪೊಟ್ಟಣ ತಳಕ್ಕೆ ಅಂಟಿಸಿದೆಯೇ ಎಂದು ಬಗ್ಗಿ ನೋಡಲು ನಾಚಬೇಡಿ, ಅದಿಲ್ಲದ ಮೇಜು ಮನೆಯಲ್ಲಿ ಬರೀ ಹಲಗೆ. ಕನ್ನಡಿಯ ಅಂಚಿನಲ್ಲಿ ಕಪ್ಪು ಕಲೆ ಇದ್ದರೆ ಹಿಂದಿನ ಬೆಳ್ಳಿಲೇಪಕ್ಕೆ ತೇವ ಹತ್ತಿದೆ, ಅದು ಹರಡುತ್ತಲೇ ಹೋಗುತ್ತದೆ. ರಗ್ಗನ್ನು ತಿರುವಿ ಹಾಕಿ. ಹಿಂಬದಿಯಲ್ಲೂ ವಿನ್ಯಾಸ ಅಷ್ಟೇ ಸ್ಪಷ್ಟವಾಗಿದ್ದರೆ ನೇಯ್ದದ್ದು, ದಪ್ಪ ಬಟ್ಟೆ ಅಂಟಿಸಿ ಮುಚ್ಚಿದ್ದರೆ ಟಫ್ಟೆಡ್, ಅಂದರೆ ನೂಲನ್ನು ತಳದ ಬಟ್ಟೆಗೆ ಚುಚ್ಚಿ ಕೂರಿಸಿದ್ದು. ಟಫ್ಟೆಡ್ ರಗ್ಗನ್ನು ಮಡಚಿದಾಗ ಹಿಂದಿನ ಲ್ಯಾಟೆಕ್ಸ್ ಅಂಟು ಪುಡಿಯಾಗಿ ಉದುರಿದರೆ ನಿಮ್ಮ ನೆಲದ ಮೇಲೂ ಅದು ಪ್ರತಿದಿನ ಉದುರುತ್ತದೆ. ಕ್ರೀಮು, ಸುಗಂಧ, ಸನ್‌ಸ್ಕ್ರೀನ್ ಇರುವ ಕಪಾಟಿನಲ್ಲಿ ನಿಲ್ಲುವುದೇ ಬೇಡ. ತೆರೆದು ಮೂಸಿ ಮುಚ್ಚಿದವರು ಎಷ್ಟು ಜನವೋ.

ಬುಟ್ಟಿ ತುಂಬಿದ ಮೇಲೆ, ಬಿಲ್ ಸಾಲಿಗೆ ನಿಲ್ಲುವ ಮುಂಚೆ, ಒಂದು ಮೂಲೆಗೆ ಸರಿದು ಎಲ್ಲವನ್ನೂ ಮತ್ತೊಮ್ಮೆ ಹೊರತೆಗೆದು ನೋಡುವುದು ಪಳಗಿದವರ ಅಭ್ಯಾಸ. ಬುಟ್ಟಿಯಲ್ಲಿರುವುದು ಯಾವುದರ ಜೊತೆ ಹೊಂದುತ್ತದೆ, ಮನೆಯಲ್ಲಿ ಯಾವ ಜಾಗಕ್ಕೆ ಹೋಗುತ್ತದೆ ಎಂದು ತಕ್ಷಣ ಹೇಳಲಾಗದಿದ್ದರೆ ಅಲ್ಲೇ ಬಿಡಿ. ಕೌಂಟರಿನಲ್ಲಿ ಎರಡು ಪ್ರಶ್ನೆ ಕೇಳಿ: ಮರಳಿಸಲು ಎಷ್ಟು ದಿನ, ಮತ್ತು ಕೊನೆಯ ಇಳಿಕೆಯ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೀರಾ. ಎರಡನೆಯದಕ್ಕೆ ಹಲವು ಕಡೆ ಇಲ್ಲ ಎಂಬ ಉತ್ತರ. ಚೀಟಿಯ ಮೇಲೆ ಚೀಟಿ ಇದ್ದ ವಸ್ತು ಬಿಲ್ಲಿನಲ್ಲಿ ಹಳೆ ಬೆಲೆಗೇ ಬೀಳುವುದು ಅಪರೂಪವಲ್ಲ, ಏಕೆಂದರೆ ಸ್ಕ್ಯಾನರ್ ಕೆಳಗಿನ ಬಾರ್‌ಕೋಡನ್ನು ಹಿಡಿದುಬಿಡುತ್ತದೆ. ಹಾಗಾಗಿ ಬಿಲ್ಲನ್ನು ಕೌಂಟರಿನ ಮುಂದೆಯೇ ಓದಿ. ಮನೆಗೆ ಬಂದ ಮೇಲೆ ಬಟ್ಟೆಯನ್ನು ಇನ್ನೊಮ್ಮೆ ಹಗಲು ಬೆಳಕಿನಲ್ಲಿ ನೋಡಿ, ಹಾಕಿಕೊಂಡು ಕೈ ಎತ್ತಿ, ಕೂತು, ಬಗ್ಗಿ ಪರೀಕ್ಷಿಸಿ, ಆಮೇಲೆ ಟ್ಯಾಗ್ ಕತ್ತರಿಸಿ ಒಗೆಯಲು ಹಾಕಿ. ಬಿಲ್ಲಿನ ಫೋಟೊ ಒಂದು ತೆಗೆದಿಡಿ, ಥರ್ಮಲ್ ಕಾಗದದ ಅಕ್ಷರ ಮರಳಿಸುವ ಗಡುವು ಮುಗಿಯುವ ಮೊದಲೇ ಮಾಸಿಹೋಗಬಹುದು.